ಅರಗೋ ಎಣ್ಣೆಯೋ

ಎಡ್ವಿನ್ ಹದಿನಾಲ್ಕು ತಿಂಗಳು ಬೆನ್ನು ಬಗ್ಗಿಸಿ ಒಂದು ಗಿಟಾರ್ ಮಾಡಿದ. ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಅವನು ಎಲೆಕ್ಟ್ರಿಷಿಯನ್. ಡ್ಯೂಟಿ ಮುಗಿಸಿ ದಟ್ಟಗಳ್ಳಿಯ ಮನೆಗೆ ಬಂದವನೇ ಕಾಫಿ ಕುಡಿದು ಶೆಡ್ಡಿಗೆ ನುಗ್ಗುತ್ತಿದ್ದ. ಬೆನ್ನಿಗೂ ಪಕ್ಕಕ್ಕೂ ಬೀಟೆ, ಮುಖಕ್ಕೆ ಬಿಳಿ ಪೈನ್ ಹಲಗೆ. ಮಾಡುವವನಿಗೆ ನುಡಿಸಲು ಮಾತ್ರ ಬರುತ್ತಿರಲಿಲ್ಲ. ಹೆಂಡತಿ ಜಾನ್ಸಿ ಚರ್ಚಿನ ತಂಡದಲ್ಲಿ ಹಾಡುತ್ತಿದ್ದಳು. ಹಾಡುವಾಗ ಅವಳ ಕಣ್ಣು ಗಿಟಾರ್ ನುಡಿಸುವವನ ಬೆರಳುಗಳ ಮೇಲೇ ಇರುತ್ತಿತ್ತು. ಆ ಕಣ್ಣು ಒಂದು ಸಲವಾದರೂ ತನ್ನ ಕೈಗಳನ್ನು ನೋಡಲಿ ಎಂದು ಈ ಮನುಷ್ಯ ಇಷ್ಟೆಲ್ಲ ಸಾಹಸಕ್ಕೆ ಇಳಿದಿದ್ದ. ಹೇಳಿದರೆ ಜನ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಪಾಲಿಶ್ ಮಾಡುವ ಮುಂಚೆ ತಂತಿ ಕಟ್ಟಿ ನಾದ ನೋಡಬೇಕಿತ್ತು. ನೋಡಲು ಬಲ್ಲವನು ಆಂಟೋ ಒಬ್ಬನೇ, ಚರ್ಚಿನಲ್ಲಿ ಗಿಟಾರ್ ನುಡಿಸುವ ಅದೇ ಆಂಟೋ. ಅವನು ಇಲವಾಲದಿಂದ ಸ್ಕೂಟರ್‌ನಲ್ಲಿ ಬಂದ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ, ನುಡಿಸಿದ. ನಾದ ಮನೆಯೆಲ್ಲ ತುಂಬಿತು. ಜಾನ್ಸಿ ಕಣ್ಣು ಮುಚ್ಚಿ ಕೇಳಿದಳು.

"ಇನ್ನೊಂದ್ಸಲ ನುಡಿಸಿ ಆಂಟೋ," ಎಂದಳು.

ಎಡ್ವಿನ್ ಬಾಗಿಲ ಹತ್ತಿರ ಟೀ ತಟ್ಟೆ ಹಿಡಿದು ನಿಂತಿದ್ದ. ಮರ ಕೊಯ್ದವನು ನಾನು, ಬೆರಳು ಕುಯ್ದುಕೊಂಡವನು ನಾನು, ಕಣ್ಣು ಮುಚ್ಚಿಸಿದವನು ಇವನು.

ಒಂದು ವಾರ ಕಳೆದ ಮೇಲೆ ಶೆಡ್ಡಿನಲ್ಲಿ ಗಿಟಾರನ್ನು ಬೆಳಕಿಗೆ ಹಿಡಿದಾಗ ಎಡ್ವಿನ್‌ಗೆ ಒಂದು ಕಲೆ ಕಂಡಿತು. ನುಡಿಸುವವನ ತೋಳು ಒರಗುವ ಕಡೆಯೇ, ಬಿಳಿ ಹಲಗೆಯ ಮೇಲೆ ಅಂಗೈಯಗಲ ಕಪ್ಪಗೆ. ಬೆವರು, ಇನ್ನೇನು. ಆಂಟೋನ ಬೆವರು. ಬಂದು ನುಡಿಸಿ ಹೋಗಿದ್ದು ಸಾಲದೆಂದು ಮೈಯ ಗುರುತನ್ನೂ ಒತ್ತಿ ಹೋಗಿದ್ದಾನೆ.

ಪಕ್ಕದ ಕ್ರಾಸ್‌ನಲ್ಲಿ ಮೂಗಯ್ಯನವರಿದ್ದರು. ನಲವತ್ತು ವರ್ಷ ಮೇಜು ಕುರ್ಚಿಗಳಿಗೆ ಅರಗಿನ ಪಾಲಿಶ್ ಎಳೆದ ಕೈ ಅವರದು. ಯಾವ ಪಾಲಿಶ್ ಹಾಕುವುದೆಂದು ಕೇಳಲು ಎಡ್ವಿನ್ ಕರೆತಂದು ತೋರಿಸಿದ. ಮುದುಕರು ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಆಲಿಸಿದರು.

"ಅರಗೇ ಸ್ವಾಮಿ. ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆ ಉಂಡೆಯಲ್ಲಿ ತೆಳ್ಳಗೆ ಎಳೀತಾ ಓಗಿ. ನಾದ ಅಂಗೇ ಉಳ್ಕೊಳ್ತದೆ."

"ಈ ಕಲೆ?"

"ಕಾಣ್ತದೆ. ಕಂಡ್ರೇನಂತೆ?"

"ಉಜ್ಜಿ ತೆಗೆದ್ರೆ?"

"ಹಲಗೆ ಆಗ್ಲೇ ಅಪ್ಪಳದಂಗೈತೆ. ಇನ್ನು ಉಜ್ಜಿದ್ರೆ ತೂತು ಬೀಳ್ತದೆ, ಬುಡಿ."

"ಅಗಸೆ ಎಣ್ಣೆ ಹಚ್ಚಿದ್ರೆ?"

ಮೂಗಯ್ಯನವರು ಅವನ ಮುಖವನ್ನೇ ನೋಡಿದರು. "ಎಣ್ಣೆ ಕುಡಿದ್ರೆ ಮರವೆಲ್ಲ ಒಂದೇ ಬಣ್ಣ ಆಯ್ತದೆ, ಕಲೆ ಕಾಣಾಕಿಲ್ಲ. ಆದ್ರೆ ಇಂಥಾ ಮೆತ್ತನೆ ಹಲಗೆಗೆ ಎಣ್ಣೆ ಕುಡಿಸಿದ್ರೆ ಗಂಟ್ಲು ಕಟ್ಕೊಂಡಂಗೆ. ಬ್ಯಾಡಿ."

ಬೇಡವೆಂದರೆ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಅರಗು ಎಳೆದರೆ ಆ ಗುರುತು ಗಾಜಿನೊಳಗಿಟ್ಟ ಫೋಟೋದ ಹಾಗೆ ತಾನಿರುವವರೆಗೂ ಇಣುಕುತ್ತಿರುತ್ತದೆ. ತನ್ನ ಗಿಟಾರಿನ ಎದೆಯ ಮೇಲೆ ಇನ್ನೊಬ್ಬನ ತೋಳು. ಮಾರನೆಯ ಬೆಳಿಗ್ಗೆ ತಂತಿ ಬಿಚ್ಚಿ, ಬರಿಗೈಯಲ್ಲೇ ಎಣ್ಣೆ ತಿಕ್ಕಿದ. ಹೀರಿಕೊಂಡಿತು, ಮತ್ತೆ ತಿಕ್ಕಿದ. ನಾಲ್ಕನೇ ಸಲಕ್ಕೆ ಹಲಗೆಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ ಕಲೆ ಮಾಯವಾಯಿತು. ಎಡ್ವಿನ್‌ಗೆ ಅಂದು ಎರಡು ತುತ್ತು ಜಾಸ್ತಿ ಸೇರಿತು.

ತಿಂಗಳು ಒಣಗಿಸಿ, ತಂತಿ ಕಟ್ಟಿ, ಬೇಕೆಂತಲೇ ಆಂಟೋನನ್ನು ಕರೆಸಿದ. ಆಂಟೋ ಎರಡು ಸಲ ಮೀಟಿದ, ಕಿವಿ ಬಗ್ಗಿಸಿದ, ತಂತಿ ಬಿಗಿ ಮಾಡಿ ಇನ್ನೊಮ್ಮೆ ಮೀಟಿದ. ಕಂಬಳಿ ಹೊದ್ದು ಮಾತಾಡಿದಂತಿತ್ತು ಸದ್ದು.

"ಬಣ್ಣ ತುಂಬಾ ಚೆನ್ನಾಗಿ ಬಂದಿದೆ ಎಡ್ವಿನಣ್ಣ," ಎಂದು ಗಿಟಾರನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಅರ್ಧ ಟೀ ಬಿಟ್ಟು ಹೊರಟ. ಅವನ ಆ ಸೌಜನ್ಯವೂ ಎಡ್ವಿನ್‌ಗೆ ಚುಚ್ಚಿತು.

ಸ್ಕೂಟರ್ ಸದ್ದು ದೂರವಾದ ಮೇಲೆ ಜಾನ್ಸಿ ಗಿಟಾರನ್ನು ಎತ್ತಿಕೊಂಡಳು. ಮಗುವನ್ನು ಅಪ್ಪುವಂತೆ ಅಪ್ಪಿ, ಅದರ ಮೇಲ್ಬದಿಗೆ ತಲೆ ಒರಗಿಸಿ, ಕಿವಿಯಿಟ್ಟು ಒಂದು ತಂತಿ ಮೀಟಿದಳು.

"ಮೊದಲಿನ ಹಾಗಿಲ್ಲ ಕಣ್ರೀ."

"ನೀನು ಯಾವಾಗ ಮುಟ್ಟಿದ್ದೆ ಇದನ್ನ?"

"ಆಂಟೋ ನುಡಿಸಿ ಹೋದ ಮೇಲೆ ಒಂದು ವಾರ ದಿನಾ. ನೀವು ಡ್ಯೂಟಿಗೆ ಹೋದ್ಮೇಲೆ ಶೆಡ್ಡಲ್ಲಿ ಕೂತು ಹೀಗೇ ಕೇಳ್ತಿದ್ದೆ. ನನಗೆಲ್ಲಿ ನುಡಿಸೋಕೆ ಬರುತ್ತೆ. ಒಂದೇ ತಂತಿ. ಒಳಗಡೆ ಏನೋ ಗುಂಯ್ ಅಂತಿತ್ತು, ಇದನ್ನ ನನ್ನ ಗಂಡ ಮಾಡಿದ್ದಾ ಅಂತ ಆಶ್ಚರ್ಯ ಆಗ್ತಿತ್ತು." ಅವಳು ತಲೆಯೆತ್ತಲಿಲ್ಲ. "ತಲೆಗೆ ಎಣ್ಣೆ ಹಚ್ಕೊಂಡಿದ್ದು ಮರೆತೇಹೋಗಿ, ಬಿಳಿ ಹಲಗೆ ಮೇಲೆ ಕಲೆ ಮಾಡ್ಬುಟ್ಟೆ. ಹೇಳೋಕೆ ಹೆದರಿಕೆ. ನಿಮಗೆ ಗೊತ್ತಾಗೋಯ್ತು, ಅಲ್ವಾ?"

ಎಡ್ವಿನ್ ನೋಡಿದ. ಅವಳ ತಲೆ ಒರಗಿದ್ದು ಆ ಕಲೆಯಿದ್ದ ಜಾಗಕ್ಕೇ.

"ಮೂಗಯ್ಯನವರು ರಸ್ತೆಯಲ್ಲಿ ಸಿಕ್ಕಿ ಹೇಳಿದ್ರು, ಬ್ಯಾಡ ಅಂದ್ರೂ ಕಲೆ ಮುಚ್ಚೋಕೆ ಎಣ್ಣೆ ಹಚ್ಚಿದಾರೆ ಕಣಮ್ಮ ನಿಮ್ಮನೆಯೋರು ಅಂತ. ನಾದ ಹೋದ್ರೂ ಪರವಾಗಿಲ್ಲ, ಇವಳಿಗೆ ಬೇಜಾರಾಗಬಾರದು ಅಂತ ತಾನೇ ನೀವು ಹಾಗೆ ಮಾಡಿದ್ದು?"

ಜಾನ್ಸಿ ಅವನ ಬಲಗೈಯನ್ನು ಎಳೆದು ತನ್ನ ಕೈಯಲ್ಲಿಟ್ಟುಕೊಂಡಳು. ಉಗುರ ಸಂದಿಯ ಅಂಟು, ಉಳಿ ತಗುಲಿದ ಗಾಯದ ಗುರುತು, ಒಂದೊಂದನ್ನೂ ನೋಡಿದಳು.

"ಹೂಂ," ಎಂದ ಎಡ್ವಿನ್.

ಅವಳು ಆ ಕೈಯನ್ನು ಬಿಡಲೇ ಇಲ್ಲ. ಅವಳ ಮನಸ್ಸಿನಲ್ಲಿದ್ದ ಆ ಒಳ್ಳೆಯ ಗಂಡನ ಮೇಲೆ ಎಡ್ವಿನ್‌ಗೆ ಆಗ ಉರಿದಷ್ಟು ಹೊಟ್ಟೆ ಆಂಟೋನ ಮೇಲೆ ಯಾವತ್ತೂ ಉರಿದಿರಲಿಲ್ಲ.