ಪಿಳ್ಳಮ್ಮ ಹಚ್ಚಿದ ಗುರುತು

ವೇಣುಗೋಪಾಲನಿಗೆ ಮಗಳ ಮೇಲೆ ಎಷ್ಟು ನಂಬಿಕೆಯಿತ್ತೋ, ಮನೆಯ ಹಿಂದಿನ ಗೋಡೆಯ ಮೇಲೂ ಅಷ್ಟೇ ನಂಬಿಕೆಯಿತ್ತು. ಬಸವನಗುಡಿಯ ಆ ಪುಟ್ಟ ಮನೆಯ ಹಿತ್ತಿಲಲ್ಲಿ, ನೀರಿನ ತೊಟ್ಟಿಯ ಪಕ್ಕ, ನೀಲಿ ಬಣ್ಣದ ಗೋಡೆಗೆ ಒಂದು ಕುಂಕುಮದ ಬೊಟ್ಟಿತ್ತು. ಎರಡು ವರ್ಷದ ಹಿಂದೆ, ವಿಜಯದಶಮಿಯ ದಿನ, ಮಗಳು ವಿನುತಾಳನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕೈ ಮೇಲೆತ್ತಿಸಿ, ಬೆರಳ ತುದಿ ಮುಟ್ಟಿದ ಕಡೆ ಅವನ ತಾಯಿ ಪಿಳ್ಳಮ್ಮ ಸ್ಟೂಲು ಹತ್ತಿ ಹಚ್ಚಿದ ಬೊಟ್ಟು ಅದು. ಅಲ್ಲಿಂದ ಮೇಲಕ್ಕೆ ಹುಡುಗಿ ಎಷ್ಟು ಹಾರುತ್ತಾಳೋ ಅಷ್ಟು ಅವಳ ಜಿಗಿತ. ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಲು ಬೇಕಾದದ್ದು ಆ ಜಿಗಿತವೇ.

ಭಾನುವಾರ ಬಂತೆಂದರೆ ವಿನುತಾ ಬೆರಳಿಗೆ ರಂಗೋಲಿ ಪುಡಿ ಮೆತ್ತಿಕೊಂಡು ಹಾರಬೇಕು. ಬಿಳಿ ಗುರುತು ಬಿದ್ದಲ್ಲಿಗೆ ಇವನು ಕುಂಕುಮದಿಂದ ಟೇಪು ಹಿಡಿದು ಅಳೆಯಬೇಕು. ಬಿಳಿ ಗುರುತು ಏರುತ್ತಲೇ ಹೋಯಿತು, ಅವನ ಮೀಸೆಯೂ ಏರಿತು. ಗಾಂಧಿ ಬಜಾರಿನ ತನ್ನ ಸೊಪ್ಪಿನ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟುತ್ತ, ಕೇಳಿದವರಿಗೂ ಕೇಳದವರಿಗೂ, “ಹೋದ ಸಲಕ್ಕಿಂತ ಎರಡು ಬೆರಳು ಜಾಸ್ತಿ ಕಣಮ್ಮ,” ಎನ್ನುತ್ತಿದ್ದ. ಮನೆಗೆ ಬಣ್ಣ ಹೊಡೆಸಿದಾಗಲೂ ಪಿಳ್ಳಮ್ಮ ಪೇಂಟರನ ಎದುರು ಕಾವಲು ಕೂತು, ಕುಂಕುಮದ ಸುತ್ತ ಅಂಗೈಯಗಲ ಜಾಗ ಬಿಡಿಸಿದ್ದಳು. ದೇವರ ಹೆಸರು ಹೇಳಿ ಹಚ್ಚಿದ ಬೊಟ್ಟನ್ನು ಯಾರಾದರೂ ಅಳಿಸುತ್ತಾರೆಯೇ?

ಶಾಲೆಯ ಪಿ.ಟಿ. ಮೇಷ್ಟ್ರು ರಾಮಾನುಜ ಒಮ್ಮೆ ಅಂಗಡಿಗೇ ಬಂದು ಕೇಳಿದ್ದರು. “ಬೆಳಿಗ್ಗೆ ಹೊತ್ತು ಹುಡುಗೀನ ಗ್ರೌಂಡಿಗೆ ಕಳಿಸಿ, ನಾನು ಪ್ರಾಕ್ಟೀಸ್ ಮಾಡಿಸ್ತೀನಿ.”

“ಬೇಡಿ ಸಾರ್. ಮನೇಲೇ ಚೆನ್ನಾಗಿ ಏರ್ತಿದೆ. ಸುಮ್ನೆ ಯಾಕೆ ಕೆಡಿಸೋದು?”

ಮೇಷ್ಟ್ರು ಒಂದು ಕಟ್ಟು ದಂಟಿನ ಸೊಪ್ಪು ಕೊಂಡು ಹೋದರು. ಇವನ ಮೊಂಡುತನ ಇವನಿಗೇ ಬುದ್ಧಿವಂತಿಕೆಯಾಗಿ ಕಂಡಿತ್ತು.

ಕ್ರೀಡಾ ಹಾಸ್ಟೆಲಿನ ಆಯ್ಕೆ ಮಲ್ಲೇಶ್ವರದ ಮೈದಾನದಲ್ಲಿ ನಡೆಯಿತು. ವಿನುತಾಳಿಗೆ ಇದೇ ಕೊನೆಯ ಅವಕಾಶ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತಿತ್ತು. ಕೋಚ್ ವಿಶಾಖಾ ಪ್ರತಿಯೊಬ್ಬ ಹುಡುಗಿಯನ್ನೂ ಮೊದಲು ಹಲಗೆಯ ಪಕ್ಕ ನಿಲ್ಲಿಸಿ, ಕೈ ಎತ್ತಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಆಮೇಲೆ ಮೂರು ಸಲ ಹಾರಿಸಿ, ಅದರಲ್ಲಿ ಒಳ್ಳೆಯದನ್ನು ಹಿಡಿಯುತ್ತಿದ್ದರು. ವಿನುತಾ ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಹಾರಿದಳು. ಮಧ್ಯಾಹ್ನ ಕರೆದ ಹೆಸರುಗಳಲ್ಲಿ ಅವಳ ಹೆಸರಿರಲಿಲ್ಲ.

ವೇಣುಗೋಪಾಲ್ ಬೇಲಿ ದಾಟಿ ಒಳಗೆ ನುಗ್ಗಿದ.

“ಏನೋ ತಪ್ಪಾಗಿದೆ ಮೇಡಂ. ಮನೇಲಿ ಇವಳು ಇದಕ್ಕಿಂತ ಒಂದು ಗೇಣು ಜಾಸ್ತಿ ಹಾರ್ತಾಳೆ.”

“ಮೂರು ಸಲಾನೂ ಹೆಚ್ಚುಕಮ್ಮಿ ಅಷ್ಟೇ ಬಂತು ಸಾರ್. ಬೇಕಾದ್ರೆ ನೀವೇ ಅಳೀರಿ,” ಎಂದು ವಿಶಾಖಾ ಟೇಪನ್ನು ಅವನ ಕೈಗೇ ಕೊಟ್ಟರು.

ಅಳೆದ. ಅಷ್ಟೇ ಇತ್ತು. ಸಿಟ್ಟು ನೆತ್ತಿಗೇರಿತು. “ಯಾರನ್ನ ತಗೋಬೇಕು ಅಂತ ಮೊದಲೇ ಮಾತಾಡ್ಕೊಂಡಿರ್ತೀರ, ಗೊತ್ತಿಲ್ವಾ ನಮಗೆ!” ಎಂದು ಕೂಗಾಡಿದ. ವಿನುತಾ ಅವನ ತೋಳು ಹಿಡಿದು ಎಳೆದಳು. “ಬಾಪ್ಪಾ, ಎಲ್ರೂ ನೋಡ್ತಿದಾರೆ.”

ಗೆದ್ದರೆ ವಿಶ್ವೇಶ್ವರಪುರದಲ್ಲಿ ಬಿಸಿ ಹೋಳಿಗೆ ಕೊಡಿಸುತ್ತೇನೆಂದು ಬೆಳಿಗ್ಗೆ ಹೇಳಿದ್ದ. ಬರುವಾಗ ಅಲ್ಲಿ ಸ್ಕೂಟರ್ ನಿಲ್ಲಿಸಿದ. “ಬೇಡ, ಮನೆಗೆ ಹೋಗಣ,” ಎಂದಳು ಹುಡುಗಿ. ದಾರಿಯುದ್ದಕ್ಕೂ ಅವನಿಗೆ ಒಂದೇ ಹಟ. ಗೋಡೆಯ ಹತ್ತಿರ ಹಾರಿಸಿ, ಮೋಸ ಆಗಿದೆಯೆಂದು ಅಮ್ಮನಿಗೆ ತೋರಿಸಬೇಕು.

“ಹಾರು. ಅಜ್ಜಿ ನೋಡ್ಲಿ,” ಎಂದ, ಹಿತ್ತಿಲಿಗೆ ಬಂದವನೇ.

“ಇವತ್ತು ಬೇಡಪ್ಪಾ, ಕಾಲು ನೋಯ್ತಿದೆ.”

“ಹಾರು ಅಂದ್ನಲ್ಲ!”

ವಿನುತಾ ಗೋಡೆಗೆ ಒತ್ತಿ ನಿಂತಳು. ಮೈದಾನದಲ್ಲಿ ಕೋಚ್ ಹಾಗೇ ಮಾಡಿಸಿದ್ದರಲ್ಲ, ಹಾರುವ ಮೊದಲು ಸುಮ್ಮನೆ ಕೈ ಎತ್ತಿದಳು. ಹಿಮ್ಮಡಿ ನೆಲದ ಮೇಲೇ ಇತ್ತು. ಬೆರಳುಗಳು ಕುಂಕುಮವನ್ನು ದಾಟಿ ಹೋದವು. ಕುಂಕುಮ ಅವಳ ಮಣಿಕಟ್ಟಿನ ಹತ್ತಿರ ಉಳಿಯಿತು.

ಪಿಳ್ಳಮ್ಮ ಬಾಗಿಲಲ್ಲೇ ಚಪ್ಪಾಳೆ ತಟ್ಟಿದಳು. “ಅಯ್ಯೋ ನನ್ನ ಬಂಗಾರ! ನೋಡೋ ವೇಣು, ಹಾರ್ದೇನೇ ಮುಟ್ಬಿಟ್ಲು!”

ವೇಣುಗೋಪಾಲ್ ಹತ್ತಿರ ಹೋಗಿ ಕುಂಕುಮದಿಂದ ಅವಳ ಬೆರಳ ತುದಿಯವರೆಗೆ ಕೈ ಇಟ್ಟು ನೋಡಿದ. ಒಂದು ಗೇಣು. ಹುಡುಗಿ ಬೆಳೆದಿದ್ದಳು, ಅಷ್ಟೇ. ಬೆಳೆದದ್ದನ್ನೆಲ್ಲ ಇವನು ಜಿಗಿತದ ಲೆಕ್ಕಕ್ಕೆ ಸೇರಿಸುತ್ತ ಬಂದಿದ್ದ. ಕಾಲಿನ ಕಸುವು ಎರಡು ವರ್ಷದ ಹಿಂದೆ ಎಲ್ಲಿತ್ತೋ ಅಲ್ಲೇ ಇತ್ತು. ಯೂನಿಫಾರಂ ಗಿಡ್ಡವಾಯಿತೆಂದು ಮತ್ತೆ ಮತ್ತೆ ಹೊಲಿಸಿ, “ಎಷ್ಟು ಬೇಗ ಬೆಳೀತೀಯೇ,” ಎಂದು ರೇಗಿಸಿದವನೂ ಇವನೇ. ರಾಮಾನುಜ ಮೇಷ್ಟ್ರ ಮುಖ ನೆನಪಾಗಿ ಅವನಿಗೆ ನಿಂತ ನೆಲವೇ ಬೇಡವೆನಿಸಿತು.

ವಿನುತಾ ತನ್ನ ಕೈಯನ್ನೇ ನೋಡುತ್ತಿದ್ದಳು. “ಹಾಗಾದ್ರೆ ಇಷ್ಟು ದಿನ ನಾನು ಹಾರಿದ್ದು?”

ಅವನು ಗೋಡೆಯ ಮೇಲಿದ್ದ ಹೋದ ಭಾನುವಾರದ ಬಿಳಿ ಗುರುತನ್ನು ಅಂಗೈಯಿಂದ ಒರೆಸತೊಡಗಿದ.

ಅಷ್ಟರಲ್ಲಿ ಪಿಳ್ಳಮ್ಮ ಕುಂಕುಮದ ಭರಣಿ ಹಿಡಿದು ಬಂದಳು. “ಹಳೇದು ಹೋಗ್ಲಿ ಬಿಡು. ಹೊಸ ಬೊಟ್ಟು ಇಡ್ತೀನಿ, ಮುಂದಿನ ವರ್ಷ ಆಗೇ ಆಗುತ್ತೆ. ಸ್ಟೂಲು ಹಿಡ್ಕೊಳೋ ವೇಣು.”

ಮುಂದಿನ ವರ್ಷವಿಲ್ಲ ಎಂದು ಅವಳಿಗೆ ಇಬ್ಬರೂ ಹೇಳಲಿಲ್ಲ. ಅವನು ಸ್ಟೂಲು ಹಿಡಿದ. ಮಗಳು ಮುಖವನ್ನು ಗೋಡೆಗೆ ತಿರುಗಿಸಿ, ಅಜ್ಜಿಗಾಗಿ ಮತ್ತೆ ಕೈ ಎತ್ತಿ ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಬೆನ್ನು ನಡುಗತೊಡಗಿತು, ಎತ್ತಿದ ಕೈಯೂ ನಡುಗಿತು.

“ಅಲ್ಲಾಡ್ಬೇಡ ಕಣೇ,” ಎಂದಳು ಪಿಳ್ಳಮ್ಮ. “ಗುರುತು ತಪ್ಪುತ್ತೆ.”