ಕಿಟಕಿ ಬೇಡವೆಂದ ಭಾವ

ಅಕ್ಕ ಮದುವೆಯಾದದ್ದು ಹಡಗಿನ ಎಂಜಿನಿಯರನ್ನು. ಭಾವ ವರ್ಷದ ಹೆಚ್ಚಿನ ಕಾಲ ನೀರಿನ ಮೇಲೆ ಇರುತ್ತಿದ್ದರು. ಅಕ್ಕ ಇದ್ದದ್ದು ಸಮುದ್ರದಿಂದ ಬಹಳ ದೂರದ ಊರಿನಲ್ಲಿ, ಬಾಲ್ಕನಿಗೆ ಬಂದರೆ ಎದುರು ಕಟ್ಟಡದ ನೀರಿನ ಟ್ಯಾಂಕು ಮಾತ್ರ ಕಾಣುವ ಮನೆಯಲ್ಲಿ. ಅತ್ತೆಯ ಕಾಯಿಲೆ, ಮಗಳ ಶಾಲೆ, ಸೋರುವ ನಲ್ಲಿ ಎಲ್ಲವನ್ನೂ ಅವಳೊಬ್ಬಳೇ ತೂಗಿಸಿಕೊಂಡು ಬಂದಳು. ಭಾವ ನಿವೃತ್ತರಾದಾಗ ಅವಳು ಕೇಳಿದ್ದು ಒಂದನ್ನೇ, ಸಮುದ್ರದ ದಂಡೆಯಲ್ಲಿ ಒಂದು ಮನೆ. ಭಾವ ಬೇಡ ಅನ್ನಲಿಲ್ಲ. ಅಷ್ಟನ್ನೇ ಅಕ್ಕ ಒಪ್ಪಿಗೆ ಎಂದುಕೊಂಡಳು.

ನಕ್ಷೆ ಬರೆಯುವ ಕೆಲಸ ತಂಗಿಯ ಪಾಲಿಗೆ ಬಂತು. ಅವಳು ಆರ್ಕಿಟೆಕ್ಟ್. ಮನೆ ಕಟ್ಟಿಸುವ ಗಂಡ ಹೆಂಡಿರ ಜಗಳಗಳನ್ನು ಸಾಕುಬೇಕಾಗುವಷ್ಟು ಕಂಡಿದ್ದಳು. ನೆಂಟರಿಗೆ ಮನೆ ಮಾಡಿಕೊಡುವುದಿಲ್ಲ ಎಂಬ ನಿಯಮವನ್ನು ಅಕ್ಕನಿಗಾಗಿ ಬದಿಗಿಟ್ಟಳು.

ಜಾಗ ಒಂದು ಮರಳು ದಿಬ್ಬದ ಬೆನ್ನಿಗಿತ್ತು. ದಿಬ್ಬದ ತುಂಬ ನೇರಳೆ ಹೂವಿನ ಬಳ್ಳಿ ಹಬ್ಬಿತ್ತು. ಜಾಗದ ನಡುವೆ ಗಾಳಿಗೆ ಸೊಂಟ ಬಾಗಿಸಿಕೊಂಡು ಬೆಳೆದ ಒಂದು ಮರವಿತ್ತು. ತಂಗಿ ಮೊದಲು ನಿರ್ಧರಿಸಿದ್ದು ಏನನ್ನು ಮುಟ್ಟಬಾರದು ಎಂಬುದನ್ನು. ದಿಬ್ಬ ಇದ್ದ ಹಾಗೇ ಇರಬೇಕು. ಮರದ ಸುತ್ತ ಅಂಗಳ ಬರಬೇಕು. ಮನೆ ಕಂಬಗಳ ಮೇಲೆ ನಿಂತು, ಗಾಳಿಯೂ ಮರಳೂ ಅದರಡಿಯಲ್ಲಿ ಹಾದುಹೋಗಬೇಕು.

"ಮೇಡಂ, ದಿಬ್ಬ ಒಂಚೂರು ಕೆರೆದುಬಿಟ್ರೆ ಸಮುದ್ರ ಇನ್ನೂ ಚೆನ್ನಾಗಿ ಕಾಣುತ್ತೆ," ಅಂದ ಕಂಟ್ರಾಕ್ಟರ್.

"ಕಾಣೋದಷ್ಟೇ ಅಲ್ಲ, ಮನೆ ಒಳಗೂ ಬರುತ್ತೆ," ಅಂದಳು ತಂಗಿ. ಅವನು ಮತ್ತೆ ಆ ಮಾತೆತ್ತಲಿಲ್ಲ.

ರಟ್ಟಿನಲ್ಲಿ ಮಾಡಿದ ಪುಟ್ಟ ಮಾದರಿಯನ್ನು ತೋರಿಸಲು ಅವಳು ಇಬ್ಬರನ್ನೂ ಆಫೀಸಿಗೆ ಕರೆಸಿದಳು. ಅಕ್ಕ ಮಂಡಿಯೂರಿ ಕೂತು, ಸಮುದ್ರದ ಕಡೆಗಿನ ಗಾಜಿನ ಗೋಡೆಯ ಮಟ್ಟಕ್ಕೆ ಕಣ್ಣು ತಂದು ಒಳಗಿನಿಂದ ಹೊರಗೆ ನೋಡಿದಳು. ಭಾವ ಮಾದರಿಯನ್ನು ಮೆಲ್ಲಗೆ ತಿರುಗಿಸಿ ಹಿಂಭಾಗ ನೋಡಿದರು.

"ನನಗೆ ಇಲ್ಲಿ, ಹಿಂದುಗಡೆ ಒಂದು ಕೋಣೆ ಕೊಡಮ್ಮ. ಕಿಟಕಿ ಬೇಡ."

ಅಕ್ಕ ಎದ್ದು ನಿಂತಳು. "ಇಷ್ಟು ವರ್ಷ ಕಣ್ತುಂಬ ನೋಡ್ಕೊಂಡು ಬಂದ್ರಿ. ನನ್ನ ಸರದಿ ಬಂದಾಗ ಬೆನ್ನು ಹಾಕ್ತೀರಾ?"

ತಂಗಿಗೆ ಇಂಥ ಹೊತ್ತಿನಲ್ಲಿ ಮಾಡುವ ಒಂದು ಉಪಾಯ ಗೊತ್ತಿತ್ತು. ಮನೆಯ ಮಾತು ಬಿಟ್ಟು ದಿನಚರಿ ಕೇಳುವುದು.

"ಭಾವ, ಹಡಗಲ್ಲಿ ನಿಮ್ಮ ದಿನ ಹೇಗಿರ್ತಿತ್ತು? ಎದ್ದಾಗಿಂದ ಹೇಳಿ."

"ಏಳೋದು, ಮೆಟ್ಟಿಲಿಳಿದು ಎಂಜಿನ್ ರೂಮಿಗೆ ಹೋಗೋದು. ಅದು ನೀರಿನ ಮಟ್ಟಕ್ಕಿಂತ ಕೆಳಗೆ. ಸೆಕೆ, ಸದ್ದು. ಕೆಲಸ ಮುಗಿದ್ರೆ ಮೇಲೆ ಬಂದು ಊಟ, ನಿದ್ದೆ."

"ಮಲಗೋ ಕೋಣೆಗೆ ಕಿಟಕಿ ಇತ್ತಾ?"

"ಇತ್ತು. ಹಗಲಲ್ಲೂ ನಿದ್ದೆ ಮಾಡ್ಬೇಕಲ್ಲ, ರಟ್ಟು ಅಂಟಿಸಿದ್ದೆ. ಕತ್ತಲಿಲ್ಲದಿದ್ರೆ ಈಗಲೂ ಕಣ್ಣು ಮುಚ್ಚಲ್ಲ."

"ಮತ್ತೆ ಸಮುದ್ರ?" ಅಂದಳು ಅಕ್ಕ.

"ಯಾವಾಗಲಾದ್ರೂ ಮೇಲೆ ಹತ್ತಿ ನೋಡ್ತಿದ್ದೆ. ನೀರು. ಹೋದ ಸಲ ಇದ್ದ ಹಾಗೇ ಇರ್ತಿತ್ತು. ಇಳಿದು ಬರ್ತಿದ್ದೆ."

"ಸೂರ್ಯ ಮುಳುಗೋ ಫೋಟೋ ಕಳಿಸ್ತಿದ್ರಲ್ಲ?"

"ಅದು ಅಡುಗೆಯವನು ತೆಗೀತಿದ್ದ. ಅವನ ಹತ್ರ ಇಸ್ಕೊಂಡು ಕಳಿಸ್ತಿದ್ದೆ. ನಿಂಗೆ ಎಂಜಿನ್ನಿನ ಫೋಟೋ ಏನಂತ ಕಳಿಸಲಿ?"

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಅವನ್ನ ಫ್ರೇಮ್ ಹಾಕಿಸಿ ಹಾಲ್ ತುಂಬ ತೂಗು ಹಾಕಿದೀನಿ."

"ನೋಡಿದೀನಿ."

"ಒಂದು ಮಾತು ಹೇಳಬಹುದಿತ್ತಲ್ಲ."

"ನಮ್ಮನೆಯವರು ಸಮುದ್ರದ ಮೇಲಿದಾರೆ ಅಂತ ನೀನು ಎಲ್ಲರಿಗೂ ಹೇಳ್ತಿದ್ದೆ. ನಾನು ಅದರ ಕೆಳಗಿದ್ದೆ. ಹೇಗೆ ಹೇಳೋದು?"

ಅಕ್ಕ ಅಳಲಿಲ್ಲ, ಬೈಯಲಿಲ್ಲ. ಇಷ್ಟು ವರ್ಷ ಅವಳು ಹೊಟ್ಟೆಕಿಚ್ಚು ಪಟ್ಟದ್ದು ರಟ್ಟು ಮುಚ್ಚಿದ ಒಂದು ಕಿಟಕಿಯ ಮೇಲೆ ಎಂಬುದು ಒಳಗಿಳಿಯಲು ಹೊತ್ತು ಬೇಕಿತ್ತು.

ಕೊನೆಗೆ ಅಕ್ಕನೇ ಹೇಳಿದಳು. "ಅವರಿಗೆ ಹಿಂದುಗಡೆ ಕೊಡು."

ಹೊಸ ನಕ್ಷೆಯಲ್ಲಿ ಮುಂದಿನ ಗಾಜಿನ ಕೋಣೆ ಅಕ್ಕನದಾಯಿತು. ಮರದ ಅಂಗಳ ದಾಟಿದರೆ, ದಪ್ಪ ಕಲ್ಲಿನ ಗೋಡೆಗಳ ಭಾವನ ಕೋಣೆ. ಕಿಟಕಿ ಇಡಲಿಲ್ಲ. ಆದರೆ ಉಸಿರಾಟಕ್ಕೆ ದಾರಿ ಬೇಕು ಎಂದು ತಂಗಿ ಹಟ ಹಿಡಿದು, ಅಂಗಳದ ತಂಪು ಒಳಗೆ ಬರುವಂತೆ ಗೋಡೆಯ ಬುಡದಲ್ಲಿ ಸಂದು ಬಿಟ್ಟಳು. ಬೆಳಕು ಬರದಂತೆ ಆ ಸಂದನ್ನು ಗೋಡೆಯೊಳಗೇ ಒಮ್ಮೆ ಬಾಗಿಸಿದಳು. ಸಮುದ್ರ ಅಲ್ಲಿಗೆ ಕಾಣುತ್ತಿರಲಿಲ್ಲ. ಅದರ ಸದ್ದು ಮಾತ್ರ ಕಲ್ಲಿನೊಳಗಿನಿಂದ ಬಂದ ಹಾಗೆ ಸಣ್ಣಗೆ ಕೇಳುತ್ತಿತ್ತು. ಕೋಣೆ ಮುಗಿದ ದಿನ ಭಾವ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನದ ಊಟಕ್ಕೆ ಕರೆದಾಗ ಬರಿ ನೆಲದ ಮೇಲೆ ಗಾಢ ನಿದ್ದೆಯಲ್ಲಿದ್ದರು.

ಮಗಳು ಫೋನಿನಲ್ಲಿ ತಕರಾರು ತೆಗೆದಳು. "ಈ ವಯಸ್ಸಲ್ಲಿ ಬೇರೆ ಬೇರೆ ಕೋಣೆನಾ?"

"ನಿಮ್ಮಪ್ಪ ಇಷ್ಟು ದಿನ ಬೇರೆ ದೇಶದಲ್ಲಿದ್ರು. ಈಗ ಅಂಗಳದ ಆಚೆ ಇದಾರೆ. ಹತ್ತಿರ ಬಂದಿದಾರೆ ಅಂತ ತಿಳ್ಕೋ," ಅಂದಳು ಅಕ್ಕ.

ಜೋರು ಗಾಳಿಯ ಕಾಲ ಕಳೆದ ಮೇಲೆ ತಂಗಿ ಮನೆ ನೋಡಲು ಹೋದಳು. ದಿಬ್ಬ ನಿಂತಿತ್ತು. ಕಂಬಗಳ ನಡುವೆ ಬಳ್ಳಿ ತಾನಾಗಿ ಹರಿದು ಒಳಬಂದಿತ್ತು. ಅವಳು ಸರಿಯಾಗಿ ಎಣಿಸದೇ ಹೋದದ್ದು ಉಪ್ಪನ್ನು. ಗಾಳಿ ತಂದ ಉಪ್ಪಿನ ಹನಿ ಗಾಜಿಗೆ ಮೆತ್ತಿ, ಬೆಳಗಾದರೆ ಗೋಡೆ ಪೂರ್ತಿ ಬೆಳ್ಳಗಾಗುತ್ತಿತ್ತು.

ಭಾವ ಹೊರಗಿನ ಕಟ್ಟೆಯ ಮೇಲೆ ಏಣಿ ಹಾಕಿ ನಿಂತಿದ್ದರು. ಮೈಮೇಲೆ ಹಡಗಿನ ಹಳೇ ನೀಲಿ ಅಂಗಿ, ಕೈಯಲ್ಲಿ ಒದ್ದೆ ಬಟ್ಟೆ. ಸಮುದ್ರಕ್ಕೆ ಬೆನ್ನು ಮಾಡಿ, ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿ ಒರೆಸುತ್ತ ಬರುತ್ತಿದ್ದರು. ಒಳಗೆ ಅಕ್ಕ ಚಹಾದ ಲೋಟ ಹಿಡಿದು ಕೂತಿದ್ದಳು.

"ದಿನಾ ಒರೆಸ್ತಾರಾ?" ತಂಗಿ ಕೇಳಿದಳು.

"ಬಿಸಿಲೇರೋವರೆಗೂ. ಸಮುದ್ರ ನೋಡೋಣ ಅಂತ ಕೂತ್ರೆ ಇವರೇ ಅಡ್ಡ."

"ಪಕ್ಕಕ್ಕೆ ಸರೀರಿ ಅನ್ನಬಾರದಾ?"

"ಇರಲಿ ಬಿಡು. ಸಮುದ್ರ ಎಲ್ಲಿ ಹೋಗುತ್ತೆ?"

ಭಾವ ಹೊರಗಿನಿಂದ ಗಾಜು ತಟ್ಟಿ, ಮೇಲಿನ ಮೂಲೆಯತ್ತ ಕೈ ತೋರಿಸಿದರು. ಚೌಕಟ್ಟಿನ ತಿರುಪುಗಳಿಗೆ ತುಕ್ಕು ಹತ್ತುತ್ತಿತ್ತು. ತಂಗಿ ಕತ್ತೆತ್ತಿ ನೋಡಿದಳು; ಎಲ್ಲವನ್ನೂ ಬಿಚ್ಚಿ ಬೇರೆ ಲೋಹದವನ್ನು ಹಾಕಿಸಬೇಕಿತ್ತು. ಅದು ಮುಗಿಯಲು ಒಂದು ವಾರ ಹಿಡಿಯಬಹುದು ಎಂದು ಸನ್ನೆಯಲ್ಲೇ ಹೇಳಿದಳು. ಭಾವ ತಲೆಯಾಡಿಸಿ ಇನ್ನೊಂದು ಮೆಟ್ಟಿಲು ಮೇಲೇರಿದರು. ಏಣಿ ಸ್ವಲ್ಪ ಅಲುಗಿತು.

ಅಕ್ಕ ಲೋಟ ಕೆಳಗಿಟ್ಟು, ಗಾಜಿನ ಬಾಗಿಲು ಸರಿಸಿ, ಏಣಿ ಹಿಡಿದುಕೊಳ್ಳಲು ಹೊರಗೆ ಹೋದಳು.