ಕ್ಯಾಮೆರಾ ಇಲ್ಲದ ಕಂಪ್ಯೂಟರ್

ಆರ್ಡಿಸ್ ಮೋಯೆನ್ ಕಂಪ್ಯೂಟರ್ ಕೊಳ್ಳಲು ಹೊರಟದ್ದು ದೂರದಲ್ಲಿರುವ ತಂಗಿಯ ಜೊತೆ ಮಾತಾಡುವುದಕ್ಕೆ. ಅದನ್ನು ಅವರು ನನಗೆ ಹೇಳಲಿಲ್ಲ, ನಾನೂ ಕೆದಕಿ ಕೇಳಲಿಲ್ಲ. ನಡೆದದ್ದು ಇಷ್ಟೇ. ಆದರೂ ಅವರ ಮನೆಯ ಮುಂದೆ ಹಾದುಹೋಗುವಾಗ ಇವತ್ತಿಗೂ ನನ್ನ ತಲೆ ತಾನಾಗಿ ತಗ್ಗುತ್ತದೆ.

ತಂಗಿ ವರ್ಡೆಲ್‌ಗೆ ಹುಟ್ಟಿನಿಂದ ಕಿವಿ ಕೇಳಿಸದು. ಅಕ್ಕತಂಗಿಯರು ಚಿಕ್ಕಂದಿನಿಂದ ಕೈಸನ್ನೆಯಲ್ಲೇ ಮಾತಾಡಿಕೊಂಡವರು. ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಇಬ್ಬರೂ ಮೇಜಿನ ಈ ತುದಿಯಿಂದ ಆ ತುದಿಗೆ, ನಮ್ಮೆಲ್ಲರ ತಲೆಯ ಮೇಲಿಂದಲೇ, ಯಾರ ಅಡುಗೆಗೆ ಉಪ್ಪು ಜಾಸ್ತಿಯಾಗಿದೆ ಎಂದು ಆಡಿಕೊಂಡು ನಗುತ್ತಿದ್ದರು. ನಾನು ನನ್ನ ಕಣ್ಣಾರೆ ಕಂಡವನು. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಜಾರಿಕೊಳ್ಳುವಂತಿಲ್ಲ.

ಗಂಡ ತೀರಿಕೊಂಡ ಮೇಲೆ ವರ್ಡೆಲ್ ಮಗಳಿರುವ ರ‍್ಯಾಪಿಡ್ ಸಿಟಿಗೆ ಹೋಗಿ ಅಲ್ಲಿನ ವೃದ್ಧಾಶ್ರಮ ಸೇರಿದ್ದಳು. ನಮ್ಮೂರಿನಿಂದ ಕಾರಿನಲ್ಲಿ ಒಂಬತ್ತು ಗಂಟೆಯ ದಾರಿ. ಎಪ್ಪತ್ತೊಂಬತ್ತರ ಆರ್ಡಿಸ್ ಊರ ಗಡಿ ದಾಟಿ ಕಾರು ಓಡಿಸುವುದನ್ನು ಬಿಟ್ಟು ಬಹಳ ದಿನವಾಗಿತ್ತು. ವಾರಕ್ಕೊಂದು ಕಾಗದ ಹೋಗುತ್ತಿತ್ತು, ಬರುತ್ತಿತ್ತು. ಆ ಚಳಿಗಾಲ ವರ್ಡೆಲ್‌ಗೆ ಕೈನಡುಕ ಶುರುವಾಗಿ ಪೆನ್ನು ಹಿಡಿಯಲಾಗದೆ ಹೋಯಿತು. ಸನ್ನೆ ಮಾತ್ರ ಅಕ್ಕನಿಗೆ ತಿಳಿಯುವಷ್ಟು ಉಳಿದಿತ್ತು. ಭಾನುವಾರ ಮಧ್ಯಾಹ್ನ ಎರಡಕ್ಕೆ ಆಶ್ರಮದ ಕಂಪ್ಯೂಟರಿನಲ್ಲಿ ಮನೆಯವರನ್ನು ನೋಡಿ ಮಾತಾಡಿಸಬಹುದೆಂದು ಮಗಳು ಬರೆದು ತಿಳಿಸಿದಳು. ಮೇ ತಿಂಗಳಲ್ಲಿ ಆರ್ಡಿಸ್ ನನ್ನ ಬಾಗಿಲಿಗೆ ಬಂದದ್ದು ಅದಕ್ಕೇ.

ನನ್ನ ಹೆಸರು ಡ್ವೇನ್ ಸ್ಕೋಗೆನ್. ರೈತರ ಧಾನ್ಯ ಸಹಕಾರಿ ಸಂಘದಲ್ಲಿ ಹನ್ನೊಂದು ವರ್ಷ ಕಂಪ್ಯೂಟರಿನ ಮುಂದೆ ಕೂತವನು. ಅಷ್ಟಕ್ಕೇ ಊರಿನವರು ನನ್ನನ್ನು ದೊಡ್ಡ ಪಂಡಿತ ಎಂದುಕೊಂಡಿದ್ದರು, ನಾನೂ ಹೌದೆನ್ನುವಂತೆ ಓಡಾಡಿಕೊಂಡಿದ್ದೆ. ದಿನಬಳಕೆಗೆ ಸಾಕಾಗುವ, ಕಡಿಮೆ ಬೆಲೆಯದೊಂದು ಕೊಡಿಸಲು ಆಗುತ್ತದೆಯೇ ಎಂದು ಆರ್ಡಿಸ್ ಕೇಳಿದರು. ಏನಕ್ಕೆ ಬಳಸುತ್ತೀರಿ ಎಂದೆ. ಹೀಗೇ, ಚರ್ಚಿನ ಸುದ್ದಿ, ಅಡುಗೆ ವಿಧಾನ, ಹವಾಮಾನ ಎಂದರು. ನಮ್ಮ ಕಡೆಯವರು ನಿಜವಾಗಿ ಬೇಕಾದ್ದನ್ನು ಕೊನೆಗೆ ಹೇಳುತ್ತಾರೆ, ಅದೂ ಎದುರಿನವನು ಕಾದರೆ. ನಾನು ಕಾಯಲಿಲ್ಲ, ಆಗಲೇ ಕಾರಿನ ಕೀಲಿ ಕೈಗೆತ್ತಿಕೊಂಡಿದ್ದೆ.

ಇಲ್ಲಿ ನಮ್ಮದೊಂದು ರೀತಿಯನ್ನು ಹೇಳಿಬಿಡಬೇಕು. ಮಿನೆಸೋಟಾದ ಈ ಮೂಲೆಯಲ್ಲಿ ಯಾರೂ ಯಾವುದನ್ನೂ ಮೊದಲ ಮಾತಿಗೆ ಬೇಕು ಎನ್ನುವುದಿಲ್ಲ. ಕಾಫಿ ಕೊಡಲೇ ಎಂದರೆ ಬೇಡ. ಇನ್ನೊಮ್ಮೆ ಕೇಳಿದರೆ, ಅಯ್ಯೋ, ನಿಮಗ್ಯಾಕೆ ತೊಂದರೆ. ಮೂರನೆಯ ಸಲ ಕೇಳಿದರೆ, ಮಾಡಿದ್ದು ಇದ್ದರೆ ಅರ್ಧ ಕಪ್ ಇರಲಿ. ಮೂರು ಸಲ ಕೇಳುವುದು ಕೇಳುವವನ ಕೆಲಸ. ಕೇಳದವನನ್ನು ಯಾರೂ ಬೈಯುವುದಿಲ್ಲ, ಆದರೆ ಅವನು ಎಂಥವನೆಂದು ಎಲ್ಲರಿಗೂ ಗೊತ್ತಾಗಿರುತ್ತದೆ. ಮಾತು ಕಲಿಯುವ ಮೊದಲೇ ನಾನು ಇದನ್ನು ಕಲಿತಿದ್ದೆ.

ನಾವು ಹೋದ ಫಾರ್ಗೋ ಪಟ್ಟಣದ ಅಂಗಡಿಯಲ್ಲಿ ಕಚೇರಿಗಳು ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ಒರೆಸಿ, ಸರಿಮಾಡಿ ಮಾರುತ್ತಾರೆ. ಅವುಗಳಲ್ಲೇ ಅಗ್ಗದ್ದೊಂದನ್ನು, ಹಳೆಯ ಪರದೆಯ ಸಮೇತ, ಗದರಿಸಿ ಬೆಲೆ ಇನ್ನಷ್ಟು ಇಳಿಸಿ ಗೊತ್ತುಮಾಡಿದೆ. ಅಂಗಡಿಯವನು ಇದಕ್ಕೆ ಕ್ಯಾಮೆರಾ ಇಲ್ಲ, ಬೇಕಿದ್ದರೆ ಬೇರೆ ಸಿಕ್ಕಿಸಬಹುದು, ಇಪ್ಪತ್ತೈದು ಡಾಲರ್ ಎಂದ. ನಾನು ಆರ್ಡಿಸ್ ಕಡೆ ತಿರುಗಿದೆ.

"ಕ್ಯಾಮೆರಾ ಏನೂ ಬೇಡ ಅಲ್ವಾ ಆರ್ಡಿಸ್?"

ಅವರ ಕಣ್ಣು ಗಾಜಿನ ಕಪಾಟಿನಲ್ಲಿದ್ದ ಆ ಪುಟ್ಟ ಕರಿಯ ಡಬ್ಬಿಯ ಮೇಲೇ ಇತ್ತು.

"ಬೇಡ ಬಿಡು," ಎಂದರು. "ನಂಗ್ಯಾಕೆ."

ಕೇಳಿದ್ದೇ ಒಂದು ಸಲ, ಅದರಲ್ಲೂ ಉತ್ತರವನ್ನು ಪ್ರಶ್ನೆಯ ಜೊತೆಗೇ ಕಟ್ಟಿಕೊಟ್ಟಿದ್ದೆ. ಬೇಡವಂತೆ ಎಂದು ಅಂಗಡಿಯವನಿಗೆ ಹೇಳಿ ದುಡ್ಡು ಕೊಡಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಕೆಫೆಯಲ್ಲಿ, ಗಂಡಸರೆಲ್ಲ ಕೂರುವ ಮೇಜಿನಲ್ಲಿ, ಮುದುಕಿಯ ತಲೆಗೆ ಕ್ಯಾಮೆರಾ ಕಟ್ಟಲು ನೋಡಿದವನನ್ನು ಹೇಗೆ ಅಟ್ಟಿದೆ ಎಂದು ಕೊಚ್ಚಿಕೊಂಡೆ. ಸಂಜೆಯೊಳಗೆ ಆ ಕಥೆ ಊರೆಲ್ಲ ಸುತ್ತಿತು. ಇನ್ನು ಆರ್ಡಿಸ್ ಕ್ಯಾಮೆರಾ ತರಿಸಿಕೊಂಡರೆ ನನ್ನ ಮುಖಕ್ಕೆ ಮಸಿ ಬಳಿದ ಹಾಗೆ. ಅವರು ಅಂಥ ಕೆಲಸ ಮಾಡುವವರಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟದ್ದಕ್ಕೆ ಒಂದು ತಟ್ಟೆ ತುಂಬ ರೂಬಾರ್ಬ್ ಎಂಬ ಹುಳಿದಂಟು ಹಾಕಿದ ಸಿಹಿತುಂಡು ಮಾಡಿ ಕಳಿಸಿದರು. ತಿಂದು ಮುಗಿಸಿದೆ.

ಯಾರದೇ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬ ನೆಪದಲ್ಲಿ ಅದನ್ನು ಆಗಸ್ಟ್‌ವರೆಗೂ ಇಟ್ಟುಕೊಂಡಿದ್ದೆ. ಹಿತ್ತಿಲಲ್ಲಿ ಟೊಮೆಟೊ ಹಣ್ಣಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ತಟ್ಟೆ ತುಂಬಿಸಿಕೊಂಡು ಅವರ ಹಿಂಬಾಗಿಲಿಗೆ ಹೋದೆ. ಮರದ ಬಾಗಿಲು ತೆರೆದಿತ್ತು, ಜಾಲರಿ ಬಾಗಿಲು ಮುಚ್ಚಿತ್ತು. ತಟ್ಟಲು ಕೈಯೆತ್ತಿದವನು ಹಾಗೇ ನಿಂತೆ.

ಆರ್ಡಿಸ್ ಅಡುಗೆಮನೆಯ ಮೇಜಿನ ಮುಂದೆ, ನಾನು ಕೊಡಿಸಿದ ಕಂಪ್ಯೂಟರಿನ ಎದುರು ಕೂತಿದ್ದರು. ಈಸ್ಟರ್ ಹಬ್ಬಕ್ಕೆ ಹಾಕುವ ನೀಲಿ ಉಡುಪು, ತುಟಿಗೆ ಬಣ್ಣ. ಪರದೆಯ ಮೇಲೆ ವರ್ಡೆಲ್. ಆಕೆಯ ನಡುಗುವ ಕೈಗಳು ನಿಧಾನವಾಗಿ ಏನನ್ನೋ ಹೇಳುತ್ತಿದ್ದವು. ಆರ್ಡಿಸ್ ಕೂಡ ಕೈಸನ್ನೆಯಲ್ಲಿ ಸರಸರನೆ ಉತ್ತರ ಕೊಡುತ್ತಿದ್ದರು, ನಗುತ್ತಿದ್ದರು. ಆಮೇಲೆ ನೆನಪಾದವರಂತೆ ಕೈ ಇಳಿಸಿ, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದರು. ಅಲ್ಲಿ ಆಶ್ರಮದ ನರ್ಸ್ ಅದನ್ನು ಓದಿ, ಬಿಳಿ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಸಣ್ಣಕ್ಷರ ಕಾಣದ ವರ್ಡೆಲ್‌ಗೆ ಹಿಡಿದಳು. ವರ್ಡೆಲ್ ಹಲಗೆಯನ್ನು ಓದಿ, ಮತ್ತೆ ತನ್ನೆದುರಿನ ಪರದೆಯ ಕಡೆ ಬಗ್ಗಿ ನೋಡಿದಳು. ಅಲ್ಲಿ ಅಕ್ಕನ ಮುಖವಿರಬೇಕಾದ ಜಾಗದಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಕತ್ತಲೆ.

ಹಾಗೇ ಹಿಂದಿರುಗಿ ಹೋಗಿಬಿಡೋಣ ಎನಿಸಿತು, ಹೋಗುವಷ್ಟು ಮಾನವೂ ಉಳಿದಿರಲಿಲ್ಲ. ನನ್ನ ಕಾಲಡಿಯ ಹಲಗೆ ಕಿರುಗುಟ್ಟಿ ಆರ್ಡಿಸ್ ತಿರುಗಿದರು. ಸಿಕ್ಕಿಬಿದ್ದವರ ಹಾಗೆ ತುಟಿಯ ಬಣ್ಣವನ್ನು ಬೆರಳಿನಿಂದ ಒರೆಸಿಕೊಂಡರು. ತಪ್ಪು ನನ್ನದು, ನಾಚಿಕೊಂಡವರು ಅವರು.

"ತುಂಬ ಚೆನ್ನಾಗಿದೆ ಡ್ವೇನ್ ನಿನ್ ಕಂಪ್ಯೂಟರ್ರು," ಎಂದರು. "ಅವಳು ಎಷ್ಟ್ ಸ್ಪಷ್ಟ ಕಾಣ್ತಾಳೆ ನೋಡು."

ಕ್ಯಾಮೆರಾ ತಂದುಕೊಡುತ್ತೇನೆ ಎಂದೆ. ಬೇಡ, ಇದೇ ಸಾಕು ಎಂದರು. ನಾಳೆ ಹೇಗೂ ಫಾರ್ಗೋಗೆ ಹೋಗುವುದಿದೆ ಎಂದು ಸುಳ್ಳು ಹೇಳಿ ಮತ್ತೆ ಕೇಳಿದೆ. ಅಷ್ಟು ದೂರ ಯಾಕೆ ಸುಮ್ಮನೆ ಎಂದರು. ನಾನು ಟೊಮೆಟೊ ತಟ್ಟೆಯನ್ನು ಹಿಡಿದೇ ಮೂರನೆಯ ಸಲ ಕೇಳಿದೆ. ಅವರು ಪರದೆಯ ಕಡೆ ತಿರುಗಿದರು.

"ನಿಂಗೆ ತೊಂದ್ರೆ ಇಲ್ಲ ಅಂದ್ರೆ," ಎಂದರು, "ಆಗ್ಲಿ."

ಸೋಮವಾರ ಹೋಗಿ ತಂದೆ. ದುಡ್ಡು ನಾನೇ ಕೊಟ್ಟೆ, ಅದರಿಂದ ಮನಸ್ಸು ಹಗುರವೇನೂ ಆಗಲಿಲ್ಲ. ಮುಂದಿನ ಭಾನುವಾರ ಎರಡಕ್ಕೆ ಅದನ್ನು ಪರದೆಯ ನೆತ್ತಿಗೆ ಸಿಕ್ಕಿಸಿ, ಅವರ ಕುರ್ಚಿಯ ಹಿಂದೆ ನಿಂತೆ. ಅತ್ತ ವರ್ಡೆಲ್ ಬಾಯಿ ತೆರೆದು, ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಳು. ಆಮೇಲೆ ಆ ಕೈಗಳು ಏನೋ ಹೇಳಿದವು, ಆರ್ಡಿಸ್ ನಕ್ಕರು. ಏನೆಂದಳು ಎಂದು ಕೇಳಿದೆ. ಏನಿಲ್ಲ, ಖುಷಿಯಾಯಿತಂತೆ ಎಂದರು. ಆದರೆ ವರ್ಡೆಲ್ ಸನ್ನೆಯನ್ನು ಓದುವಷ್ಟು ಕಲಿತಿದ್ದ ನರ್ಸ್, ಎಲ್ಲವನ್ನೂ ಹಲಗೆಯ ಮೇಲೆ ಬರೆದು ತೋರಿಸುವ ಎಷ್ಟೋ ವಾರಗಳ ಅಭ್ಯಾಸಬಲದಿಂದ, ಆಕೆಯ ಮಾತನ್ನೂ ಬರೆದು ನಮ್ಮತ್ತ ಹಿಡಿದಿದ್ದಳು.

"ಅಂತೂ ಕ್ಯಾಮೆರಾ ಹಾಕೋದು ಕಲಿತೆಯಲ್ಲ, ದಡ್ಡಿ."

ಆಗ ನನಗೆ ಹೊಳೆಯಿತು: ಇಷ್ಟೂ ಭಾನುವಾರ ತಂಗಿ ನೀನ್ಯಾಕೆ ಕಾಣುತ್ತಿಲ್ಲ ಎಂದು ಕೇಳಿದ್ದಾಳೆ. ಅಷ್ಟೂ ಭಾನುವಾರ ಆರ್ಡಿಸ್, ಕ್ಯಾಮೆರಾ ಇದೆ, ಅದನ್ನು ಹಾಕಲು ನನಗೇ ಬರುವುದಿಲ್ಲ ಎಂದು ಟೈಪ್ ಮಾಡಿದ್ದಾರೆ. ನನ್ನನ್ನು ಕಂಡೂ ಅರಿಯದ ಊರಿನಲ್ಲಿ ಕೂಡ ನನ್ನ ಮಾನ ಕಾದಿದ್ದಾರೆ. ನನಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು.

ತಪ್ಪು ನನ್ನದೆಂದು ಆಕೆಗೆ ಹೇಳಿ ಎಂದೆ. ಈಗ್ಯಾಕೆ ಅದೆಲ್ಲ ಎಂದರು. ಹೇಳಲೇಬೇಕು ಎಂದೆ. ಬಿಡು ಡ್ವೇನ್ ಎಂದರು. ಇನ್ನೊಂದು ಸಲ ಕೇಳಿಕೊಂಡೆ. ಆಗ ಅವರ ಕೈಗಳು ಮೇಲೆದ್ದವು. ಅಂಗಡಿ, ಕಪಾಟು, ಹಿಂದೆ ನಿಂತ ನಾನು, ಎಲ್ಲವೂ ಆ ಬೆರಳುಗಳಲ್ಲಿ ಹಾದುಹೋಗುತ್ತಿದ್ದದ್ದು ನನಗೂ ತಿಳಿಯಿತು.

ವರ್ಡೆಲ್ ನನ್ನ ಕಡೆ ಕಣ್ಣು ತಿರುಗಿಸಿದಳು. ಆಮೇಲೆ ನಡುಗುವ ಒಂದು ಬೆರಳನ್ನು ಮೇಲೆತ್ತಿದಳು. ಒಂದೇ ಬೆರಳು.

"ಏನಂತಾರೆ?" ಎಂದೆ.

ಆರ್ಡಿಸ್ ತಿರುಗದೆ, ಮೆತ್ತಗೆ ಹೇಳಿದರು.

"ಒಂದೇ ಸಲ ಕೇಳಿದ್ನಾ ಅಂತಾಳೆ."

ಪರದೆಯಲ್ಲಿ ಆಕೆ ಬೆರಳನ್ನು ಇಳಿಸದೆ ಉತ್ತರಕ್ಕೆ ಕಾಯುತ್ತಿದ್ದಳು. ಆರ್ಡಿಸ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಹೌದು ಎಂದು ನಾನೇ ತಲೆಯಾಡಿಸಿದೆ. ಈಗ ಆ ಕಡೆಗೆ ಎಲ್ಲವೂ ಕಾಣುತ್ತಿತ್ತು.